ಹಿಂದಿರುಗಿಸಿದ ಲೇಖನ

ನಮ್ಮ ಸಂಘದ ಕಪಾಟಿನ ಕೆಳಗಿನ ಅರೆಯಲ್ಲಿ ಕೆಂಪು ರಟ್ಟಿನ ಒಂದು ದಪ್ಪ ಪುಸ್ತಕವಿದೆ. ಪತ್ರಿಕೆಗೆಂದು ಬಂದ ಲೇಖನಗಳ ದಾಖಲೆ ಅದು. ಬಂದ ತಾರೀಕು, ಬರೆದವರ ಹೆಸರು, ಬರಹದ ಶೀರ್ಷಿಕೆ, ಕೊನೆಯ ಅಂಕಣದಲ್ಲಿ ನಮ್ಮ ತೀರ್ಮಾನ. ಆ ಅಂಕಣದಲ್ಲಿ ನಾವು ಬಳಸುತ್ತ ಬಂದ ಮಾತುಗಳು ಮೂರೇ: 'ಸ್ವೀಕೃತ', 'ತಿದ್ದಿ ಸ್ವೀಕೃತ', 'ಹಿಂದಿರುಗಿಸಿದೆ'. ಸಂಪಾದಕತ್ವದ ಭಾರ ನಮ್ಮ ಹೆಗಲಿಗೆ ಬಿದ್ದಂದಿನಿಂದ ಆ ಪುಸ್ತಕದ ಬರವಣಿಗೆಯೆಲ್ಲ ನಮ್ಮದೇ ಕೈಯದು. ಮೊನ್ನೆ ಗೆದ್ದಲು ಹತ್ತಿತೆಂದು ಕಪಾಟನ್ನು ಬರಿದುಮಾಡಿ ಪುಸ್ತಕಗಳನ್ನು ಬಿಸಿಲಿಗೆ ಹರವಿ ಒಂದೊಂದಾಗಿ ಕೊಡವುತ್ತಿದ್ದಾಗ 1998ರ ಪುಟ ಬಂತು. ಬರುವುದೆಂದು ನಮಗೆ ಗೊತ್ತಿತ್ತು. ಆ ಪುಟದ ನಡುವೆ ಒಂದು ಸಾಲು. ಅದರ ಕೊನೆಯಲ್ಲಿ ನಮ್ಮ ದುಂಡಗಿನ ಅಕ್ಷರಗಳಲ್ಲಿ 'ಹಿಂದಿರುಗಿಸಿದೆ'.

ಆ ಸಾಲಿನ ಕಥೆಯನ್ನು ವಾಚಕರಲ್ಲಿ ಅರಿಕೆಮಾಡಿಕೊಳ್ಳಬೇಕೆಂದು ಬಹುದಿನಗಳಿಂದ ಯೋಚನೆಯಿತ್ತು. ಅದನ್ನು ಹೇಳಬೇಕಾದರೆ ವೈದ್ಯಕೀಯ ಸಂಶೋಧನೆಯ ಪತ್ರಿಕೆಗಳು ಲೇಖನಗಳನ್ನು ಆರಿಸುವ ಕ್ರಮವನ್ನೂ ಕೊಂಚ ಹೇಳಬೇಕಾಗುತ್ತದೆ. ಸ್ಟೆನ್ಸಿಲ್ ಕೊರೆದು, ಕೈಗೆ ಮಸಿ ಬಳಿದುಕೊಂಡು, ಇನ್ನೂರು ಪ್ರತಿ ಹಂಚುವ ನಮಗೂ ಆ ಘನವಾದ ಪತ್ರಿಕೆಗಳಿಗೂ ಏನು ಸಂಬಂಧವೆಂದು ಕೇಳುವವರು ತುಸು ತಾಳ್ಮೆ ವಹಿಸಬೇಕಾಗಿ ಪ್ರಾರ್ಥನೆ.

ಆ ಲೇಖನವನ್ನು ಬರೆದವರು ನಮ್ಮ ಊರಿನ ಅಂಚೆಯವರು. ಹೆಸರು ಬೇಡವೆಂದಿದ್ದಾರೆ, ಬರೆಯುವುದಿಲ್ಲ. ಇಪ್ಪತ್ತು ವರ್ಷ ಅವರು ಗೇರುಗುಡ್ಡಗಳ ಬುಡದ ಮನೆಗಳಿಗೆ ಟಪ್ಪಾಲು ಹೊತ್ತು ನಡೆದವರು. ಅದಕ್ಕೆ ಮೊದಲು ಒಂದೆರಡು ಚುಟುಕಗಳನ್ನೂ ಅಂಚೆಚೀಲದ ಬಗ್ಗೆ ಒಂದು ಹಾಸ್ಯ ಬರಹವನ್ನೂ ಕೊಟ್ಟಿದ್ದರು. ಎರಡನ್ನೂ ಸಂತೋಷದಿಂದ ಹಾಕಿದ್ದೆವು. ಈ ಸಲ ಬಂದುದು ಬೇರೆಯೇ ತೆರನದು. ಫೂಲ್‌ಸ್ಕೇಪ್ ಕಾಗದದ ಹದಿನಾಲ್ಕು ಮಗ್ಗುಲು. ಶೀರ್ಷಿಕೆ, 'ನಾನು ಟಪ್ಪಾಲು ಕೊಡುವ ಮನೆಗಳು'. ನಲವತ್ತೊಂದು ಮನೆಗಳು, ಒಂದೊಂದು ಮನೆಗೆ ಮೂರು ನಾಲ್ಕು ಸಾಲು. ಈ ಮನೆಯಲ್ಲಿ ನಡೆಯಲಾರದ ಒಂದು ಮಗು, ವಯಸ್ಸು ಒಂಬತ್ತು. ಆ ಮನೆಯಲ್ಲಿ ಮಾತು ಬಾರದ ಇಬ್ಬರು. ಈ ಮನೆಯ ಹಸು ಕಾಲು ಸೊಟ್ಟಗಿನ ಕರು ಹಾಕಿತು. ಈ ಮನೆಯವರಿಗೆ ಸುರಂಗದ ನೀರು, ಆ ಮನೆಯವರಿಗೆ ತೋಡಿನ ನೀರು. ಹೆಲಿಕಾಪ್ಟರು ಬಂದು ಗೇರಿಗೆ ಔಷಧ ಹೊಡೆದ ದಿನ ಈ ಅಂಗಳದಲ್ಲಿ ತಾನು ನಿಂತಿದ್ದೆ, ಬಾವಿಗೆ ಮಡಲು ಮುಚ್ಚಿದ್ದರು, ಮೈಮೇಲೆ ತುಂತುರು ಬಿತ್ತು. ಇಷ್ಟೆ. ಯಾರನ್ನೂ ದೂರಿರಲಿಲ್ಲ. ವಿಶೇಷಣಗಳೇ ಇರಲಿಲ್ಲವೆಂದರೂ ಸಲ್ಲುತ್ತದೆ. ಕೊನೆಯಲ್ಲಿ ಮಾತ್ರ, ಯಾರೂ ಕೇಳದಿದ್ದ ಒಂದು ಮಾತನ್ನು ತಾವಾಗಿಯೇ ಬರೆದಿದ್ದರು: 'ಕಾಗದ ಬರುವ ಮನೆಗೆ ಮಾತ್ರ ನಾನು ಹೋಗುವವನು. ಕಾಗದ ಬಾರದ ಮನೆಗಳಲ್ಲಿ ಏನಿದೆಯೋ ನನಗೆ ತಿಳಿಯದು.'

ನಮ್ಮಲ್ಲಿ ಒಂದು ರೂಢಿಯಿತ್ತು. ಸಂದೇಹಕ್ಕೆ ಎಡೆಕೊಡುವ ಲೇಖನವನ್ನು ಇಬ್ಬರು ಹಿರಿಯರಿಗೆ ಓದಲು ಕೊಟ್ಟು ಅವರ ಅಭಿಪ್ರಾಯ ಪಡೆಯುತ್ತಿದ್ದೆವು. ಈ ಲೇಖನವನ್ನೂ ಹಾಗೆಯೇ ಕೊಟ್ಟೆವು. ಮೊದಲನೆಯವರು ಸಂಸ್ಕೃತ ಪಂಡಿತರು. ಬರಹದಲ್ಲಿ ರಸವಿಲ್ಲ, ಇದು ಸಾಹಿತ್ಯವಲ್ಲ, ಜನಗಣತಿ ಎಂದರು. ಎರಡನೆಯವರು ವಿಜ್ಞಾನ ಕಲಿಸಿ ನಿವೃತ್ತರಾದವರು. ಅವರು ನಾಲ್ಕು ವಾಕ್ಯ ಬರೆದುಕೊಟ್ಟರು: ಕಾರಣ-ಕಾರ್ಯ ಸಂಬಂಧವನ್ನು ಲೇಖಕರು ತೋರಿಸಿಲ್ಲ, ಲೇಖಕರು ವೈದ್ಯರಲ್ಲ, ಎಷ್ಟೋ ಮನೆಗಳನ್ನು ನೋಡಿಲ್ಲವೆಂದು ತಾವೇ ಒಪ್ಪಿಕೊಂಡಿದ್ದಾರೆ, ಇದನ್ನು ಹಾಕಿದರೆ ಸಂಘಕ್ಕೆ ತೊಂದರೆ ಬಂದೀತು. ನಾಲ್ಕೂ ಸುಳ್ಳಲ್ಲ. ಒಂದು ಸಂಗತಿಯನ್ನು ಮಾತ್ರ ಅವರೂ ಬರೆಯಲಿಲ್ಲ, ನಾವೂ ನೆನೆಯಲಿಲ್ಲ. ಅವರ ಅಳಿಯ ಪೇಟೆಯಲ್ಲಿ ಗೊಬ್ಬರ ಮತ್ತು ಕೀಟನಾಶಕದ ಅಂಗಡಿ ಇಟ್ಟಿದ್ದರು. ನಮ್ಮ ಅಡಕೆ ತೋಟದ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸುವ ಮೈಲುತುತ್ತು ಬರುತ್ತಿದ್ದುದು ಅದೇ ಅಂಗಡಿಯಿಂದ; ಎರಡು ಮಳೆಗಾಲದ ಬಾಕಿ ನಮ್ಮ ಹೆಸರಿನಲ್ಲಿತ್ತು. ಅವರು ದುರುದ್ದೇಶದಿಂದ ಬರೆದರೆಂದು ನಾವು ಎಣಿಸುವುದಿಲ್ಲ. ನಾವೂ ದುರುದ್ದೇಶದಿಂದ ಒಪ್ಪಿಕೊಂಡೆವೆಂದು ಎಣಿಸುವುದಿಲ್ಲ. ಆದರೆ ಆ ನಾಲ್ಕು ವಾಕ್ಯಗಳನ್ನು ಓದಿದಾಗ ಮನಸ್ಸಿಗೆ ಒಂದು ಬಗೆಯ ಹಾಯೆನಿಸಿತ್ತು. ಅದು ಎಲ್ಲಿಂದ ಬಂತೆಂದು ಅಂದು ವಿಚಾರಿಸಿಕೊಳ್ಳಲಿಲ್ಲ.

'ನಿಮ್ಮ ಲೇಖನವು ನಮ್ಮ ಪತ್ರಿಕೆಯ ಧೋರಣೆಗೆ ಹೊಂದಿಕೆಯಾಗದ ಕಾರಣ ಹಿಂದಿರುಗಿಸಿದ್ದೇವೆ, ವಂದನೆಗಳು' ಎಂಬ ಚೀಟಿಯನ್ನು ಇಟ್ಟು, ನಿಯಮಾನುಸಾರ ಅವರೇ ಅಂಚೆಚೀಟಿ ಹಚ್ಚಿ ಕಳುಹಿಸಿದ್ದ ಲಕ್ಕೋಟೆಯಲ್ಲಿ ಸೇರಿಸಿ, ಶಾಲೆಗೆ ಹೋಗುವ ದಾರಿಯಲ್ಲಿ ಟಪ್ಪಾಲು ಪೆಟ್ಟಿಗೆಗೆ ಹಾಕಿದೆವು. ಹಾಕಿದ ಮೇಲೆ ಹೊಳೆಯಿತು. ಆ ಪೆಟ್ಟಿಗೆಯನ್ನು ತೆರೆಯುವವರು ಅವರೇ. ಅದನ್ನು ತೆಗೆದು, ಮುದ್ರೆ ಒತ್ತಿ, ತಮ್ಮ ಚೀಲದಲ್ಲಿ ಹಾಕಿಕೊಂಡು, ತಮ್ಮ ಮನೆಗೆ ತಾವೇ ಬಟವಾಡೆ ಮಾಡಿಕೊಂಡಿರಬೇಕು. ಮಾರನೆಯ ದಿನ ಎಂದಿನಂತೆ ಜಗಲಿಗೆ ಬಂದು, 'ಮಾಸ್ಟ್ರೇ, ಮನಿಯಾರ್ಡರಿಗೆ ಒಂದು ರುಜು' ಎಂದರು. ರುಜು ಹಾಕಿದೆವು. ಲೇಖನದ ಮಾತೆತ್ತಲಿಲ್ಲ, ಅವರೂ ಎತ್ತಲಿಲ್ಲ. ಆ ಮೇಲೆ ಅವರು ನಮಗೆ ಏನನ್ನೂ ಬರೆದು ಕೊಡಲಿಲ್ಲ.

ಆರು ವರ್ಷ ಕಳೆಯಿತು. 2004ರ ಬೇಸಗೆಯಲ್ಲಿ, ಮಂಗಳೂರಿನಲ್ಲಿ ವೈದ್ಯಕೀಯ ಓದುತ್ತಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಊರಿಗೆ ಬಂದವನು ಐದು ಹಾಳೆಗಳ ಒಂದು ಪ್ರತಿಯನ್ನು ತಂದು ಮುಂದಿಟ್ಟ. ಅಮೆರಿಕದ ರಾಷ್ಟ್ರೀಯ ಪರಿಸರ ಆರೋಗ್ಯ ವಿಜ್ಞಾನ ಸಂಸ್ಥೆಯವರು ಆಗ ಹೊರಡಿಸುತ್ತಿದ್ದ 'ಎನ್ವಿರಾನ್‌ಮೆಂಟಲ್ ಹೆಲ್ತ್ ಪರ್ಸ್ಪೆಕ್ಟಿವ್ಸ್' ಎಂಬ ಪತ್ರಿಕೆಯ 2003ರ ಡಿಸೆಂಬರ್ ಸಂಚಿಕೆಯಿಂದ ತೆಗೆದುದು. ಬರೆದವರು ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ಹಬೀಬುಲ್ಲಾ ಸೈಯದ್ ಮತ್ತು ಅವರ ಸಂಗಡಿಗರು. ವಿಷಯ, ಎಂಡೋಸಲ್ಫಾನ್ ಎಂಬ ಕೀಟನಾಶಕ ಗಂಡುಮಕ್ಕಳ ಬೆಳವಣಿಗೆಯ ಮೇಲೆ ಮಾಡುವ ಪರಿಣಾಮ. 'ಇದು ನಮ್ಮ ಪಡ್ರೆಯ ಮಕ್ಕಳದೇ, ಸಾರ್' ಎಂದ.

ವಾಚಕರಿಗೆ ಪಡ್ರೆಯನ್ನು ಪರಿಚಯಿಸಬೇಕಾದುದಿಲ್ಲ. ಎಣ್ಮಕಜೆ ಪಂಚಾಯತಿನ ಆ ಗ್ರಾಮದ ಸುತ್ತಣ ಗುಡ್ಡಗಳಲ್ಲಿ ಸರಕಾರಿ ಗೇರುತೋಟಗಳಿಗೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಆಕಾಶದಿಂದ ಎಂಡೋಸಲ್ಫಾನ್ ಸುರಿದ ವೃತ್ತಾಂತ ಈಗ ಲೋಕಪ್ರಸಿದ್ಧ. ಅಹಮದಾಬಾದಿನವರು ಅಲ್ಲಿಗೆ ಬಂದು ಪರೀಕ್ಷೆ ನಡೆಸಿದುದು 2001ರಲ್ಲಿ. ಅವರ ವರದಿಯ ಹೆಸರಿನಲ್ಲಿಯೇ, ಎಂಡೋಸಲ್ಫಾನಿನಿಂದ 'ಉಂಟಾದುದೆಂದು ಹೇಳಲಾಗುವ' ಅಸಾಮಾನ್ಯ ಕಾಯಿಲೆಗಳು ಎಂಬರ್ಥದ ಎಚ್ಚರಿಕೆಯ ಮಾತಿತ್ತು. ಪತ್ರಿಕೆಗೆ ಬರೆದ ಲೇಖನ ಅದಕ್ಕಿಂತಲೂ ಕಿರಿದು, ಅದಕ್ಕಿಂತಲೂ ಎಚ್ಚರದ್ದು. ಗೇರುಗುಡ್ಡದ ಬುಡದ ಊರಿನ 10ರಿಂದ 19 ವರ್ಷದ 117 ಮಂದಿ ಹುಡುಗರು. ಹೋಲಿಕೆಗಾಗಿ, ಆಕಾಶದಿಂದ ಸಿಂಪಡಣೆ ನಡೆಯದ ಇನ್ನೊಂದು ಊರಿನ 90 ಮಂದಿ. ರಕ್ತದಲ್ಲಿ ಎಂಡೋಸಲ್ಫಾನಿನ ಅಂಶ ಸಿಕ್ಕಿದುದು ಮೊದಲನೆಯವರಲ್ಲಿ ನೂರಕ್ಕೆ 78 ಮಂದಿಯಲ್ಲಿ, ಎರಡನೆಯವರಲ್ಲಿ ನೂರಕ್ಕೆ 29 ಮಂದಿಯಲ್ಲಿ. ಆ ವಿಷಕ್ಕೆ ಈಡಾದ ಹುಡುಗರಲ್ಲಿ ತಾರುಣ್ಯದ ಲಕ್ಷಣಗಳು ವಯಸ್ಸಿಗೆ ತಕ್ಕಂತೆ ಮೂಡದೆ ತಡವಾಗಬಹುದು, ಲೈಂಗಿಕ ಹಾರ್ಮೋನುಗಳ ಉತ್ಪತ್ತಿಗೆ ಅಡ್ಡಿಯಾಗಬಹುದು ಎಂಬುದು ಅವರ ನಿರ್ಣಯ. 'ಆಗುತ್ತದೆ' ಎಂದಲ್ಲ, 'ಆಗಬಹುದು'. ಲೇಖನದ ಆರಂಭದ ಸಾರಾಂಶದಲ್ಲಿಯೇ, ಅದರ ಕಟ್ಟಕಡೆಯಲ್ಲಿ, ಈ ಅಧ್ಯಯನಕ್ಕೆ ಮಿತಿಗಳಿವೆ, ಪರೀಕ್ಷೆಗೆ ಒಳಪಟ್ಟವರ ಸಂಖ್ಯೆ ಸಣ್ಣದು, ಭಾಗವಹಿಸದೆ ಉಳಿದವರು ಇದ್ದಾರೆ ಎಂದು ತಾವೇ ಬರೆದುಬಿಟ್ಟಿದ್ದಾರೆ.

ಆ ವಾಕ್ಯದ ಅರ್ಥವನ್ನು ಹುಡುಗ ಬಿಡಿಸಿ ಹೇಳಿದಾಗ ನಾವು ಕನ್ನಡಕ ತೆಗೆದು ಒರಸಿಕೊಂಡೆವು. ಕಾಗದ ಬಾರದ ಮನೆಗಳಲ್ಲಿ ಏನಿದೆಯೋ ನನಗೆ ತಿಳಿಯದು. ಅದೇ ಮಾತು. ನಮ್ಮ ಪರಿಶೀಲಕರು ದೋಷವೆಂದು ಎತ್ತಿ ತೋರಿಸಿದ, ನಾವು ತಲೆದೂಗಿದ ಅದೇ ಮಾತನ್ನು ಆ ಪತ್ರಿಕೆ ಲೇಖನದ ಮುಖದಲ್ಲಿಯೇ ಅಚ್ಚು ಹಾಕಿತ್ತು.

'ಇಂಥ ಪತ್ರಿಕೆಗಳವರು ಲೇಖನಗಳನ್ನು ಹೇಗೆ ಆರಿಸುತ್ತಾರಪ್ಪಾ?' ಎಂದು ಕೇಳಿದೆವು. ಅವನು ಹೇಳಿದಷ್ಟನ್ನೂ ಆಮೇಲೆ ನಾವಾಗಿ ಓದಿ ತಿಳಿದಷ್ಟನ್ನೂ ಕೂಡಿಸಿ ಇಲ್ಲಿ ಬರೆಯುತ್ತಿದ್ದೇವೆ.

ಲೇಖನ ಬಂದೊಡನೆ ಸಂಪಾದಕರು ತಾವು ಓದಿ, ಎಷ್ಟನ್ನೋ ಅಲ್ಲಿಯೇ ಹಿಂದಕ್ಕೆ ಕಳುಹಿಸುತ್ತಾರೆ. ಉಳಿದುದನ್ನು ಆ ವಿಷಯದಲ್ಲಿ ನುರಿತ ಇಬ್ಬರಿಗೋ ಮೂವರಿಗೋ ಕೊಡುತ್ತಾರೆ. ಇವರಿಗೆ ಸಾಮಾನ್ಯವಾಗಿ ಸಂಭಾವನೆ ಇಲ್ಲ. ಹೆಸರೂ ಬಹುಮಟ್ಟಿಗೆ ಹೊರಗೆ ಬಾರದು. ಕೆಲವು ಪತ್ರಿಕೆಗಳಲ್ಲಿ ಬರೆದವರಾರೆಂದು ಓದುವವರಿಗೂ ತಿಳಿಯಗೊಡುವುದಿಲ್ಲ. ಲಂಡನ್ನಿನ ಬ್ರಿಟಿಷ್ ಮೆಡಿಕಲ್ ಜರ್ನಲಿನವರು ಮಾತ್ರ 1999ರಲ್ಲಿ ಈ ಮುಸುಕನ್ನು ತೆಗೆದು, ಪರಿಶೀಲಕರ ಹೆಸರನ್ನು ಲೇಖಕರಿಗೆ ತಿಳಿಸತೊಡಗಿದರು. ಪರಿಶೀಲಕರು ಕೊಡುವ ಸಲಹೆಗಳಾದರೂ ಏನು? ಸ್ವೀಕರಿಸಬಹುದು, ತಿದ್ದಿಸಿ ನೋಡಬಹುದು, ಬೇಡ. ನಮ್ಮ ಕೆಂಪು ಪುಸ್ತಕದ ಮೂರು ಮಾತುಗಳೇ! ಇದನ್ನು ಕೇಳಿ ನಮಗೆ ಒಂದು ಗಳಿಗೆ ಹೆಮ್ಮೆಯಾದುದನ್ನು ಮುಚ್ಚಿಡುವುದಿಲ್ಲ. ಆದರೆ ನಮ್ಮ 'ತಿದ್ದಿ' ಎಂಬುದಕ್ಕೆ ನಾವೇ ಒತ್ತಕ್ಷರ ಸರಿಪಡಿಸುವುದೆಂದು ಅರ್ಥ. ಅವರಲ್ಲಿ ಹಾಗಲ್ಲ. ಪರಿಶೀಲಕನು ತನ್ನ ಸಂದೇಹಗಳನ್ನು ಒಂದೊಂದಾಗಿ ಬರೆಯಬೇಕು: ಈ ಸಂಖ್ಯೆ ಎಲ್ಲಿಂದ ಬಂತು, ಹೋಲಿಕೆಗೆ ಈ ಊರನ್ನೇ ಏಕೆ ಆರಿಸಿದಿರಿ, ಪರೀಕ್ಷೆಗೆ ಬಾರದವರು ಎಷ್ಟು ಮಂದಿ, ಬೇರೆ ಕಾರಣ ಇರಲಾರದೆಂದು ಹೇಗೆ ಬಲ್ಲಿರಿ? ಲೇಖಕನು ಒಂದೊಂದಕ್ಕೂ ಉತ್ತರ ಕೊಡಬೇಕು, ಇಲ್ಲವೆ ತನ್ನ ಮಾತನ್ನು ಅಷ್ಟಕ್ಕೆ ಇಳಿಸಿಕೊಳ್ಳಬೇಕು. ತಾಳಮದ್ದಳೆಯಲ್ಲಿ ಎದುರು ಕುಳಿತ ಅರ್ಥಧಾರಿ ಬಲವಾದ ಪ್ರಶ್ನೆ ಹಾಕಿದಾಗಲೇ ಅಲ್ಲವೆ ಈಚೆಯವನ ಪಾತ್ರ ಬೆಳೆಯುವುದು? ಎದುರಾಳಿ ಬಾಯಿಮುಚ್ಚಿ ಎದ್ದುಹೋದರೆ ಪ್ರಸಂಗವೇ ಇಲ್ಲ. ನಾವು ಅಂಚೆಯವರಿಗೆ ಒಂದು ಪ್ರಶ್ನೆಯನ್ನೂ ಹಾಕಿರಲಿಲ್ಲ. ಚೀಟಿ ಇಟ್ಟು ಎದ್ದುಹೋಗಿದ್ದೆವು.

ಈ ಪದ್ಧತಿಯ ಮೂಲ ನಮ್ಮಂಥ ಒಂದು ಸಣ್ಣ ಸಂಘದಲ್ಲಿಯೇ ಇದೆಯೆಂಬುದು ಓದುತ್ತ ಹೋದಂತೆ ತಿಳಿಯಿತು. 1731ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ವೈದ್ಯರು ಕೂಡಿ ಒಂದು ಸಂಘ ಕಟ್ಟಿದರು. ಎರಡು ವರ್ಷದ ಬಳಿಕ ಅವರು ವೈದ್ಯಕೀಯ ಪ್ರಬಂಧಗಳ ಸಂಪುಟವೊಂದನ್ನು ಹೊರತಂದಾಗ ಮುನ್ನುಡಿಯಲ್ಲಿ ತಮ್ಮ ಕ್ರಮವನ್ನು ವಿವರಿಸಿದರು: ಬಂದ ಬರಹಗಳನ್ನು ಆಯಾ ವಿಷಯವನ್ನು ಚೆನ್ನಾಗಿ ಬಲ್ಲ ಸದಸ್ಯರಿಗೆ ಹಂಚಿಕೊಡುತ್ತೇವೆ, ಅವರು ಯಾರೆಂಬುದು ಬರೆದವರಿಗೆ ತಿಳಿಯುವುದಿಲ್ಲ, ಎಂದು. ಆದರೂ ಈ ರೂಢಿ ಲೋಕವ್ಯಾಪಕವಾಗಲು ಇನ್ನೂರು ವರ್ಷ ಹಿಡಿಯಿತು. 1823ರಲ್ಲಿ ಹುಟ್ಟಿದ 'ಲ್ಯಾನ್ಸೆಟ್' ಪತ್ರಿಕೆಯಲ್ಲಿಯೇ ಹೊರಗಿನವರ ಪರಿಶೀಲನೆ ಕ್ರಮಬದ್ಧವಾದುದು 1970ರ ದಶಕದಲ್ಲಿ. ಅಷ್ಟು ತಡವೇಕೆಂಬುದಕ್ಕೆ ಬಲ್ಲವರು ಕೊಡುವ ಕಾರಣಗಳಲ್ಲಿ ಒಂದು ನಮಗೆ ಬಹಳ ಹಿಡಿಸಿತು. ಜೆರಾಕ್ಸ್ ಯಂತ್ರ ಮಾರುಕಟ್ಟೆಗೆ ಬಂದುದು 1959ರಲ್ಲಿ. ಅದಕ್ಕೆ ಮೊದಲು ಒಂದು ಲೇಖನವನ್ನು ಮೂವರಿಗೆ ಕಳುಹಿಸಬೇಕಾದರೆ ಮೂರು ಪ್ರತಿಗಳಿಗೆ ಎಲ್ಲಿಗೆ ಹೋಗುವುದು! ಕಾರ್ಬನ್ನು ಕಾಗದದ ನಾಲ್ಕನೆಯ ಪ್ರತಿಯನ್ನು ಓದಿ ಕಣ್ಣು ಕೆಡಿಸಿಕೊಂಡ ನಮಗೆ ಈ ವಾದವನ್ನು ಒಪ್ಪಲು ಯಾವ ಕಷ್ಟವೂ ಇಲ್ಲ.

ಪರಿಶೀಲನೆ ದಾಟಿದುದೆಲ್ಲ ಸತ್ಯವೆಂದು ಯಾರೂ ಭಾವಿಸಲಾಗದು. ಆ ಪತ್ರಿಕೆಗಳವರೇ ತಮ್ಮ ಪದ್ಧತಿಯನ್ನು ಪರೀಕ್ಷಿಸಿ ನೋಡಿದ್ದಾರೆ. ಈ ಒಂದು ಗುಣಕ್ಕಾಗಿ ಅವರನ್ನು ಮೆಚ್ಚಬೇಕು. 1998ರಲ್ಲಿ, ಎಂದರೆ ನಾವು ಅಂಚೆಯವರ ಲೇಖನವನ್ನು ಹಿಂದಿರುಗಿಸಿದ ವರ್ಷದಲ್ಲಿಯೇ, ಪ್ರಕಟವಾದ ಒಂದು ಪ್ರಯೋಗವುಂಟು. ಬ್ರಿಟಿಷ್ ಮೆಡಿಕಲ್ ಜರ್ನಲಿನವರು ಒಂದು ಲೇಖನದಲ್ಲಿ ಬೇಕೆಂದೇ ಎಂಟು ದೋಷಗಳನ್ನು ಸೇರಿಸಿ 420 ಪರಿಶೀಲಕರಿಗೆ ಕಳುಹಿಸಿದರು. ಅಭಿಪ್ರಾಯ ಬರೆದವರು 221 ಮಂದಿ. ಅವರು ಕಂಡುಹಿಡಿದುದು ಸರಾಸರಿ ಎರಡು ದೋಷ. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ನಾವು ಈ ಲೆಕ್ಕವನ್ನು ಕೇಳಿ ನಗಲಿಲ್ಲ. ಅದೇ 1998ರಲ್ಲಿ ಲ್ಯಾನ್ಸೆಟ್ ಪತ್ರಿಕೆ, 12 ಮಕ್ಕಳ ಮೇಲಿನ ಒಂದು ಲೇಖನವನ್ನು ಪ್ರಕಟಿಸಿ, ದಡಾರದ ಲಸಿಕೆಗೂ ಮಕ್ಕಳ ಆಟಿಸಂ ಎಂಬ ಸ್ಥಿತಿಗೂ ಸಂಬಂಧವಿರಬಹುದೆಂಬ ಭೀತಿಗೆ ದಾರಿಮಾಡಿತು. ಅದನ್ನು ಪೂರ್ಣವಾಗಿ ಹಿಂತೆಗೆದುಕೊಂಡುದು 2010ರಲ್ಲಿ. ಹನ್ನೆರಡು ವರ್ಷ! ಅಷ್ಟರಲ್ಲಿ ಎಷ್ಟು ತಾಯಂದಿರು ಲಸಿಕೆಗೆ ಹೆದರಿ ಕೂತರೋ.

ತಳ್ಳಿಹಾಕಬಾರದುದನ್ನು ತಳ್ಳಿಹಾಕಿದ ಕಥೆಗಳೂ ಉಂಟು. ಅವು ನಮಗೆ ಹೆಚ್ಚು ಹತ್ತಿರ. ನ್ಯೂಯಾರ್ಕಿನ ರೊಸಾಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ ಎಂಬಿಬ್ಬರು, ಇನ್ಸುಲಿನ್ ಚುಚ್ಚಿಸಿಕೊಂಡವರ ರಕ್ತದಲ್ಲಿ ಅದನ್ನು ಹಿಡಿದಿಡುವ ಪ್ರತಿಕಾಯ ಹುಟ್ಟುತ್ತದೆಂದು ಕಂಡುಕೊಂಡು 1955ರಲ್ಲಿ ಬರೆದರು. ಇನ್ಸುಲಿನ್ನಿನಂಥ ಸಣ್ಣ ಕಣಕ್ಕೆ ಆ ಶಕ್ತಿಯಿಲ್ಲವೆಂಬುದು ಆ ಕಾಲದ ನಂಬಿಕೆ. ಒಂದು ಪತ್ರಿಕೆ ಬೇಡವೆಂದಿತು. ಎರಡನೆಯದೂ ಮೊದಲು ಬೇಡವೆಂದಿತು. ಕೊನೆಗೆ ಶೀರ್ಷಿಕೆಯಿಂದ 'ಪ್ರತಿಕಾಯ' ಎಂಬ ಪದವನ್ನು ಕೈಬಿಟ್ಟ ಮೇಲೆ 1956ರಲ್ಲಿ ಪ್ರಕಟವಾಯಿತು. ಆ ದಾರಿಯಲ್ಲಿಯೇ ಮುಂದುವರಿದ ಕೆಲಸಕ್ಕಾಗಿ 1977ರಲ್ಲಿ ಯಾಲೋ ಅವರಿಗೆ ನೊಬೆಲ್ ಪಾರಿತೋಷಕ ಬಂತು; ಬರ್ಸನ್ನರು ಅಷ್ಟರಲ್ಲಿ ತೀರಿಹೋಗಿದ್ದರು. ಪಾರಿತೋಷಕದ ಉಪನ್ಯಾಸದಲ್ಲಿ ಆಕೆ ಆ ತಿರಸ್ಕಾರದ ಕಾಗದವನ್ನೇ ತೋರಿಸಿದರು. ಇಪ್ಪತ್ತೆರಡು ವರ್ಷ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು ಎಂದಾಯಿತು. ಅದನ್ನು ಓದಿದ ರಾತ್ರಿ, ನಮ್ಮ ಒಂದು ಸಾಲಿನ ಚೀಟಿ ಅಂಚೆಯವರ ಮನೆಯ ಯಾವ ಪೆಟ್ಟಿಗೆಯಲ್ಲಿದೆಯೋ ಎಂಬ ಯೋಚನೆ ನಮಗೆ ಬಂದುದು ಸಹಜವಷ್ಟೆ.

ಇನ್ನು ಹಿತಾಸಕ್ತಿಯ ವಿಚಾರ. ಇದನ್ನು ಬರೆಯಲು ಕೈ ತಡೆಯುತ್ತದೆ, ಆದುದರಿಂದ ಬರೆಯಲೇಬೇಕು. ವೈದ್ಯಕೀಯ ಪತ್ರಿಕೆಗಳ ಕೆಲವು ಸಂಪಾದಕರು 1978ರಲ್ಲಿ ಕೆನಡ ದೇಶದ ವ್ಯಾಂಕೂವರ್ ನಗರದಲ್ಲಿ ಕಲೆತು, ಲೇಖನಗಳು ಹೇಗಿರಬೇಕೆಂದು ಒಂದು ಒಪ್ಪಂದಕ್ಕೆ ಬಂದರು. ಮೊದಮೊದಲು ಅದು ಗ್ರಂಥಗಳ ಪಟ್ಟಿಯನ್ನು ಬರೆಯುವ ರೀತಿಯಂಥ ಸಣ್ಣ ವಿಷಯಗಳಿಗೆ ಸೇರಿದುದು. ವರ್ಷ ಕಳೆದಂತೆ ಅದೇ ಬೆಳೆದು ಸಂಪಾದಕರ ಧರ್ಮಸಂಹಿತೆಯಾಯಿತು. ಲೇಖಕನು ಯಾವ ಕಂಪೆನಿಯಿಂದ ಹಣ ಪಡೆದಿದ್ದಾನೆ, ಈ ಲೇಖನದಿಂದ ಅವನಿಗೆ ಲಾಭನಷ್ಟವುಂಟೆ ಎಂಬುದನ್ನು ಬಯಲಾಗಿ ಹೇಳಬೇಕು. ಪರಿಶೀಲಕನೂ ಸಂಪಾದಕನಿಗೆ ಹೇಳಬೇಕು, ಸಂಬಂಧ ನಿಕಟವಾಗಿದ್ದರೆ ತಾನಾಗಿ ಹಿಂದೆ ಸರಿಯಬೇಕು. ಸಂಪಾದಕನೂ ಅಷ್ಟೆ. ಹೇಳಿದವನು ಅಪ್ರಾಮಾಣಿಕನೆಂದು ಇದರ ಅರ್ಥವಲ್ಲ. ಮೈಲುತುತ್ತಿನ ಬಾಕಿ ಇದೆಯೆಂದು ಮುಂಚಿತವಾಗಿ ಹೇಳಿಕೊಂಡಿದ್ದರೆ ನಮ್ಮನ್ನು ಯಾರೂ ಕಳ್ಳರೆನ್ನುತ್ತಿರಲಿಲ್ಲ. 'ಹಾಗಾದರೆ ಲೇಖನವನ್ನು ಮೂರನೆಯವರೊಬ್ಬರಿಗೆ ಕೊಡೋಣ' ಎನ್ನುತ್ತಿದ್ದರು. ಅಷ್ಟೇ ಸಾಕಾಗುತ್ತಿತ್ತು.

ಮರುವರ್ಷ ಊರಿಗೆ ಬಂದಾಗ ನಮ್ಮ ಶಿಷ್ಯ ಅದೇ ಪತ್ರಿಕೆಯ 2004ರ ಪುಟಗಳನ್ನು ತಂದ. ಪಡ್ರೆಯ ಲೇಖನಕ್ಕೆ ಬಂದ ಆಕ್ಷೇಪಗಳು ಅವು. ಅಂಕಿಅಂಶಗಳಲ್ಲಿ ದೋಷವಿದೆ, ಕೆಲವನ್ನು ಬಿಟ್ಟಿದ್ದಾರೆ ಎಂದು ಬರೆದವರ ಕಾಗದವನ್ನೂ, ಸೈಯದರ ಉತ್ತರವನ್ನೂ ಪತ್ರಿಕೆ ಪ್ರಕಟಿಸಿತ್ತು. ನಮ್ಮ ಊರಿನ ಉತ್ಸಾಹಿ ತರುಣರಿಗೆ ಇದು ಹಿಡಿಸಲಿಲ್ಲ. 'ವಿಷದ ಪರ ಮಾತನಾಡುವವರಿಗೂ ಜಾಗ ಕೊಡುವುದೇ?' ಎಂದು ರೇಗಿದರು. ನಮಗೆ ಹಾಗೆ ತೋರಲಿಲ್ಲ. ಆಕ್ಷೇಪವನ್ನು ಮರೆಮಾಡಿದ್ದರೆ ಅದು ಕೋರ್ಟು ಕಚೇರಿಗಳಲ್ಲಿ, ಸಮಿತಿಗಳ ಕೋಣೆಗಳಲ್ಲಿ ಕಿವಿಯಿಂದ ಕಿವಿಗೆ ಹರಿಯುತ್ತಿತ್ತು. ಇಲ್ಲಿ ಅದು ಬೆಳಕಿನಲ್ಲಿ, ಉತ್ತರದ ಜೊತೆಗೇ ಇದೆ. ಇನ್ನೊಂದು ಮಾತನ್ನೂ ಹೇಳಬೇಕು. ಆಮೇಲಿನ ಸಭೆಗಳಲ್ಲಿ ಆ ಐದು ಪುಟಗಳನ್ನು ಎತ್ತಿ ಹಿಡಿದು, ನಮ್ಮ ಊರಿನ ಎಲ್ಲ ಕಾಯಿಲೆಗಳಿಗೂ ಇದೇ ಪುರಾವೆಯೆಂದು ಭಾಷಣ ಮಾಡಿದವರಿದ್ದರು. ಆ ಲೇಖನ ಹಾಗೆ ಹೇಳಿರಲಿಲ್ಲ. ಹುಡುಗರ ಬೆಳವಣಿಗೆಯ ಒಂದು ಅಂಶವನ್ನು ಕುರಿತು ಮಾತ್ರ, ಅದೂ ಮಿತಿಗಳೊಡನೆ, ಹೇಳಿತ್ತು. ಅಷ್ಟನ್ನೇ ಹೇಳಿದುದರಿಂದ ಅದನ್ನು ಅಲ್ಲಾಡಿಸುವುದು ಕಷ್ಟವಾಯಿತು ಎಂದು ನಮ್ಮ ಭಾವನೆ.

ಮುಂದಿನದು ಎಲ್ಲರೂ ಬಲ್ಲ ಸಂಗತಿ. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದುವು. ಮೇ 13ರಂದು ನಮ್ಮ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆಯಿತು. 2017ರಲ್ಲಿ ಬಾಧಿತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರಕಾರಕ್ಕೆ ಆಜ್ಞೆಯಾಯಿತು. ಈ ನಡುವೆ ಎಷ್ಟು ಸಮಿತಿಗಳು ಬಂದುವು, ಎಷ್ಟು ಶಿಬಿರಗಳು ನಡೆದುವು! ಅಂಚೆಯವರ ಹದಿನಾಲ್ಕು ಮಗ್ಗುಲಿನ ಬರಹ ಇನ್ನು ಯಾರಿಗೆ ಬೇಕು ಎಂಬುದು ನಮಗೆ ಒಳ್ಳೆಯ ನೆಪವಾಯಿತು. ಹೋಗಿ ಒಂದು ಮಾತು ಕೇಳಬಹುದಿತ್ತು. ದಾರಿ ಒಂದೂವರೆ ಮೈಲು. ಹೋಗಲಿಲ್ಲ.

ಗೆದ್ದಲಿನ ದಯೆಯಿಂದ ಕಳೆದ ತಿಂಗಳು ಹೋದೆವು. ಅಂಚೆಯವರು ನಿವೃತ್ತರಾಗಿ ಬಹಳ ವರ್ಷವಾಗಿದೆ. ಅಂಗಳದಲ್ಲಿ ಅಡಕೆ ಹೆಕ್ಕುತ್ತಿದ್ದರು. 'ಬನ್ನಿ ಮಾಸ್ಟ್ರೇ' ಎಂದು ಚಾಪೆ ಹಾಸಿ, ಬೆಲ್ಲ-ನೀರು ತರಿಸಿದರು. ನಾವು ಏನೇನೋ ಸುತ್ತಿಬಳಸಿ ಕೊನೆಗೆ ವಿಷಯಕ್ಕೆ ಬಂದೆವು. ಪೇಟೆಯ ಅಂಗಡಿಯ ಬಾಕಿಯನ್ನೂ ಹೇಳಿದೆವು. ಅವರು ಸುಮ್ಮನೆ ಕೇಳಿ, ಒಳಗೆ ಹೋಗಿ ಒಂದು ಕಟ್ಟು ತಂದರು. ಅದೇ ಹದಿನಾಲ್ಕು ಮಗ್ಗುಲು. ಆದರೆ ಬದಿಯಲ್ಲೆಲ್ಲ ಬೇರೆ ಬೇರೆ ಶಾಯಿಯಲ್ಲಿ ಹೊಸ ಬರಹ. ಹನ್ನೆರಡನೆಯ ಮನೆಯನ್ನು ಹೊಡೆದುಹಾಕಿದ್ದರು. ಆ ಮಗುವಿಗೆ ಕಾಯಿಲೆ ಆದುದು ಇಲ್ಲಿಗೆ ಒಕ್ಕಲು ಬರುವ ಮೊದಲೇ ಎಂದು ಆಮೇಲೆ ಗೊತ್ತಾಯಿತಂತೆ. ಮೂವತ್ತನೆಯದನ್ನೂ ಹೊಡೆದುಹಾಕಿದ್ದರು; ಹೆರಿಗೆಯ ಕಾಲದ ಪೆಟ್ಟು ಎಂದು ವೈದ್ಯರು ಹೇಳಿದ್ದರಂತೆ. ಕಾಗದ ಬಾರದ ಮನೆಗಳೆಂದು ಬಿಟ್ಟಿದ್ದವುಗಳಲ್ಲಿ ಆರಕ್ಕೆ ರಜಾದಿನಗಳಲ್ಲಿ ಬೇಕೆಂದೇ ಹೋಗಿ ಬಂದಿದ್ದರು. ಅವುಗಳಲ್ಲಿ ನಾಲ್ಕು ಮನೆಗಳಲ್ಲಿ ಏನೂ ತೊಂದರೆ ಇರಲಿಲ್ಲ; ಅದನ್ನೂ ಬರೆದಿದ್ದರು.

'ನೀವು ಒಂದು ಪ್ರಶ್ನೆ ಕೇಳುತ್ತೀರಿ ಎಂದು ನಾನು ಎಣಿಸಿದ್ದೆ ಮಾಸ್ಟ್ರೇ' ಎಂದರು. 'ಕೇಳಲಿಲ್ಲ. ಹಾಗಾಗಿ ನಾನೇ ಕೇಳಿಕೊಂಡೆ.'

ನಮ್ಮ ಚೀಟಿ ಆ ಕಟ್ಟಿನಲ್ಲಿ ಇರಲಿಲ್ಲ. ಎಲ್ಲಿದೆಯೆಂದು ಕೇಳುವ ಧೈರ್ಯವಾಗಲಿಲ್ಲ.

ಈಗಲಾದರೂ ಪ್ರಕಟಿಸೋಣವೆಂದೆವು. ಅಂದು ಬರೆದಂತೆಯೇ ಪ್ರಕಟಿಸಿದ್ದರೆ ಇನ್ನೊಂದು ತಪ್ಪು ಮಾಡುತ್ತಿದ್ದೆವೆಂಬುದು ಇಷ್ಟರಲ್ಲಿ ನಮಗೆ ಮನವರಿಕೆಯಾಗಿತ್ತು. ಅವರ ಬರಹದಲ್ಲಿ ಮನೆಗಳ ಹೆಸರುಗಳೂ ಮಕ್ಕಳ ಹೆಸರುಗಳೂ ಇದ್ದುವು. ರೋಗಿಯ ಗುರುತು ಹತ್ತುವ ಸಂಗತಿಯನ್ನು ಅವರ ಲಿಖಿತ ಒಪ್ಪಿಗೆಯಿಲ್ಲದೆ ಪ್ರಕಟಿಸಕೂಡದೆಂಬುದು ವೈದ್ಯಕೀಯ ಪತ್ರಿಕೆಗಳ ನಿಯಮ. 1998ರಲ್ಲಿ ಆ ಹೆಸರುಗಳನ್ನು ಹಾಕಿದ್ದರೆ ಆ ಮನೆಗಳ ಹೆಣ್ಣುಮಕ್ಕಳನ್ನು ಕೇಳಿಕೊಂಡು ಯಾರು ಬರುತ್ತಿದ್ದರು? ನಮ್ಮ ಇಬ್ಬರು ಪರಿಶೀಲಕರಲ್ಲಿ ಒಬ್ಬರಿಗೂ ತೋಚದಿದ್ದುದು, ನಮಗೂ ತೋಚದಿದ್ದುದು ಇದೊಂದೇ ನಿಜವಾದ ಆಕ್ಷೇಪ. ಹೆಸರು ತೆಗೆದರೂ ನಮ್ಮಂಥ ಊರಿನಲ್ಲಿ ನಾಲ್ಕು ಸಾಲು ಓದಿದರೆ ಮನೆಯ ಗುರುತು ಹತ್ತುತ್ತದೆ. ಆದುದರಿಂದ ಒಬ್ಬೊಬ್ಬರನ್ನೂ ಕೇಳಬೇಕೆಂದು ನಿಶ್ಚಯವಾಯಿತು. 'ನಾನು ಕೇಳಿಬರುತ್ತೇನೆ, ದಾರಿ ನನಗೆ ಗೊತ್ತಿದ್ದದ್ದೇ' ಎಂದರು ಅಂಚೆಯವರು. ಬರಹವನ್ನು ಮಂಗಳೂರಿನಲ್ಲಿ ಈಗ ವೈದ್ಯನಾಗಿರುವ ನಮ್ಮ ಶಿಷ್ಯನಿಗೂ, ಯಾವ ಅಂಗಡಿಯ ಬಾಕಿಯೂ ಇಲ್ಲದ ಇನ್ನೊಬ್ಬರಿಗೂ ಕಳುಹಿಸಿದ್ದೇವೆ. ಶಿಷ್ಯ ಹದಿನೇಳು ಪ್ರಶ್ನೆಗಳನ್ನು ಬರೆದಿದ್ದಾನೆ. ಮೊದಲನೆಯದು ಏಳನೆಯ ಮನೆಯ ನೀರಿನ ಬಗ್ಗೆ. ಸುರಂಗ ಗುಡ್ಡದ ಯಾವ ಮಗ್ಗುಲಿನದು ಎಂದು.

ನಿನ್ನೆ ಮೊಮ್ಮಗನ ಸ್ಕೂಟರಿನ ಹಿಂದೆ ಕುಳಿತು ಅಂಚೆಯವರು ನಮ್ಮ ಜಗಲಿಗೆ ಬಂದರು. ಇಪ್ಪತ್ತಾರು ಮನೆಗಳಿಗೆ ಹೋಗಿ ಆಗಿದೆ. ಐದು ಮನೆಗಳಲ್ಲಿ ಈಗ ಯಾರೂ ಇಲ್ಲ. ಹದಿನೆಂಟು ಮನೆಯವರು ರುಜು ಹಾಕಿಕೊಟ್ಟಿದ್ದಾರೆ. ಮೂರು ಮನೆಯವರು ಬೇಡವೆಂದರು. ಅವರ ಸಾಲುಗಳನ್ನು ನಮ್ಮ ಎದುರಿಗೇ ಹೊಡೆದುಹಾಕಿದರು. ಉಳಿದ ಮನೆಗಳಿಗೆ ಮಳೆ ನಿಂತ ಮೇಲೆ ಹೋಗುತ್ತಾರಂತೆ, ತೋಡು ದಾಟಬೇಕು. ಕೆಂಪು ಪುಸ್ತಕದಲ್ಲಿ ಹೊಸ ಸಾಲು ಬರೆದು ಕೊನೆಯ ಅಂಕಣವನ್ನು ಖಾಲಿ ಬಿಟ್ಟಿದ್ದೇವೆ.